ಹಬ್ಬದ ಪೆಟ್ರೋಲು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಯಾರನ್ನು ಕೇಳಿದರೂ ಒಳ್ಳೆಯದೇ ಬೇಕು ಅನ್ನುತ್ತಾರೆ. ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಲೂ ಸಿದ್ಧ ಅನ್ನುತ್ತಾರೆ. ಹಾಗಿದ್ದೂ ಒಳ್ಳೆಯದು ಯಾಕೆ ಬಾಳುವುದಿಲ್ಲ?”

ಗುರುಗಳು ಈ ಕತೆ ಹೇಳಿದರು.

ಒಂದು ಊರು. ಸುತ್ತಲೂ ಗುಡ್ಡ, ನಡುವೆ ತಗ್ಗು. ಅಲ್ಲಿ ಎದ್ದ ಹೊಗೆ ಅಲ್ಲೇ ನಿಲ್ಲುತ್ತಿತ್ತು. ಊರಿನ ತುಂಬ ಆಟೊಗಳು. ಎಲ್ಲವೂ ಅಗ್ಗದ ಪೆಟ್ರೋಲು ಕುಡಿದು ಕರಿ ಹೊಗೆ ಕಾರುತ್ತಿದ್ದವು. ಬೆಳಿಗ್ಗೆ ಎದ್ದರೆ ಕೆಮ್ಮು, ಒಣಹಾಕಿದ ಬಟ್ಟೆಯ ಮೇಲೆ ಮಸಿ. ಜನ ಹೊಗೆಯನ್ನು ಬೈದುಕೊಂಡೇ ಕಾಲ ಕಳೆಯುತ್ತಿದ್ದರು.

ಅಲ್ಲಿ ಒಬ್ಬ ವ್ಯಾಪಾರಿ ಪೆಟ್ರೋಲ್ ಬಂಕ್ ಇಟ್ಟಿದ್ದ. ಹೊಗೆ ಕಾಣಿಸದ ಹೊಸ ಪೆಟ್ರೋಲು ಬಂದಿದೆ, ಬೆಲೆ ಮಾತ್ರ ತುಸು ಹೆಚ್ಚು ಎಂದು ಅವನಿಗೆ ತಿಳಿಯಿತು. ತರಿಸುವ ಮುಂಚೆ ಆಟೊ ನಿಲ್ದಾಣಕ್ಕೆ ಹೋಗಿ ಒಬ್ಬೊಬ್ಬರನ್ನೂ ಕೇಳಿದ. ಎಲ್ಲರೂ ತರಿಸಿ ಎಂದರು. ಒಬ್ಬ ಚಾಲಕನಂತೂ ಅವನ ಕೈ ಹಿಡಿದುಕೊಂಡ. ಆ ಚಾಲಕನ ಮಗಳಿಗೆ ಉಬ್ಬಸ. ಓಣಿಯ ಮಕ್ಕಳ ಜೊತೆ ಅಪ್ಪನ ಆಟೊದಲ್ಲೇ ಶಾಲೆಗೆ ಹೋಗುವ ಹುಡುಗಿ, ಇಳಿಯುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಬೆಲೆ ಎಷ್ಟಾದರೂ ಸರಿ, ಮೊದಲ ಗಿರಾಕಿ ನಾನೇ ಎಂದ ಅವನು. ಸುಳ್ಳು ಹೇಳಲಿಲ್ಲ, ಪಾಪ. ಮನಸ್ಸಿನಿಂದಲೇ ಹೇಳಿದ.

ವ್ಯಾಪಾರಿ ನಂಬಿದ. ಹೊಸ ಟ್ಯಾಂಕು ಹೂಳಿಸಿದ, ಹೊಸ ಪಂಪು ನಿಲ್ಲಿಸಿದ. ಒಳ್ಳೆಯ ಕೆಲಸವೆಂದು ಪುರೋಹಿತರನ್ನು ಕರೆಸಿ ಪೂಜೆ ಮಾಡಿಸಿದ. ಪಂಪಿಗೆ ಅರಿಸಿನ ಕುಂಕುಮ ಹಚ್ಚಿಸಿ, ಹಾರ ಹಾಕಿಸಿ, ಮೇಲೆ ‘ಪರಿಶುದ್ಧ’ ಎಂದು ದೊಡ್ಡದಾಗಿ ಬರೆಸಿದ. ಕೆಲಸ ಕೆಟ್ಟದ್ದು ಅಲ್ಲೇ.

ಜನ ಬಂದರು, ನೋಡಿದರು, ಕೈ ಮುಗಿದರು. ಇಷ್ಟು ಶುದ್ಧವಾದದ್ದನ್ನು ಮೀನಿನ ಬುಟ್ಟಿ ಹೇರುವ ದಿನ ಸುಡುವುದೇ ಎಂದು ಅವರಿಗೆ ಅನ್ನಿಸಿತು. ದೇವರ ದೀಪಕ್ಕೆ ತುಪ್ಪ ಎತ್ತಿಡುವ ಹಾಗೆ ಆ ಪೆಟ್ರೋಲನ್ನೂ ಮೀಸಲು ಮಾಡಿಬಿಟ್ಟರು. ಆಯುಧಪೂಜೆಗೆ ಅದು, ಮದುಮಗಳನ್ನು ಕರೆತರುವಾಗ ಅದು, ಹೊಸ ಆಟೊ ಕೊಂಡ ದಿನ ಅದು. ಉಳಿದ ದಿನಗಳಿಗೆ ಹಳೆಯದೇ. ಆಯುಧಪೂಜೆಯ ದಿನ ಹೊಸ ಪಂಪಿನ ಮುಂದೆ ಸಾಲು ರಸ್ತೆಯವರೆಗೂ ನಿಂತಿತು. ಅಂದು ಮಾತ್ರ ಗುಡ್ಡಗಳು ಸ್ವಚ್ಛವಾಗಿ ಕಂಡವು. ಜನ ತಲೆಯೆತ್ತಿ ನೋಡಿ, ಹಬ್ಬದ ಕಳೆಯೇ ಬೇರೆ ಎಂದುಕೊಂಡರು.

ಮಗಳಿಗೆ ಉಬ್ಬಸವಿದ್ದ ಚಾಲಕನೂ ಹಾಗೆಯೇ ಮಾಡಿದ. ಒಂದು ದಿನ ಅವನು ಹಳೆಯ ಪಂಪಿನ ಮುಂದೆ ನಿಂತಿದ್ದಾಗ ವ್ಯಾಪಾರಿ ತಡೆದು ಕೇಳಿದ: “ಎಷ್ಟಾದ್ರೂ ಕೊಡ್ತೀನಿ ಅಂದಿದ್ದೆಯಲ್ಲಪ್ಪಾ?”

“ಕೊಡಲ್ಲ ಅಂತ ಎಲ್ಲಿ ಅಂದೆ ಸಾವ್ಕಾರ್ರೇ? ಹಬ್ಬಕ್ಕೆ ತಪ್ಪದೆ ಹಾಕಿಸ್ತೀನಿ. ದಿನಾ ನಾನೊಬ್ಬ ಹಾಕಿಸಿದ್ರೆ ಊರಿನ ಹೊಗೆ ಹೋಗುತ್ತಾ?”

ನಿಲ್ದಾಣದಲ್ಲಿ ಪ್ರತಿಯೊಬ್ಬನೂ ಇದನ್ನೇ ಹೇಳುತ್ತಿದ್ದ.

ಚಳಿಗಾಲ ಬಂತು. ಹೊಗೆ ಇನ್ನೂ ಕೆಳಗಿಳಿದು ಕೂತಿತು. ಹುಡುಗಿ ಮಲಗಲಾರದೆ ಗೋಡೆಗೆ ಒರಗಿ ಕೂರುವಂತಾಯಿತು. ಈ ಊರಿನ ಗಾಳಿ ಇವಳಿಗೆ ಆಗದು, ಬೇರೆ ಕಡೆ ಇರಿಸಿ ಎಂದರು ಡಾಕ್ಟರು. ಗುಡ್ಡದ ಆಚೆ ಅವಳ ಸೋದರಮಾವನ ಮನೆಯಿತ್ತು. ಅಲ್ಲಿಗೆ ಕಳಿಸುವುದೆಂದು ಒಳ್ಳೆಯ ದಿನ ನೋಡಿದರು.

ಹೊರಡುವ ದಿನ ಚಾಲಕ ಆಟೊ ತೊಳೆದ. ಮಗಳನ್ನು ಕಳಿಸುವ ದಿನವಲ್ಲವೇ ಎಂದು ಹೊಸ ಪಂಪಿನ ಮುಂದೆ ನಿಲ್ಲಿಸಿ ಟ್ಯಾಂಕು ತುಂಬಿಸಿದ. ಆಟೊ ಊರು ದಾಟಿ ಏರು ಹತ್ತತೊಡಗಿತು. ಏರಿನಲ್ಲಿ ಯಾವಾಗಲೂ ಕೆಮ್ಮುತ್ತಿದ್ದ ಹುಡುಗಿ ಆ ದಿನ ಕೆಮ್ಮಲಿಲ್ಲ. ಮೂಗಿಗೆ ಒತ್ತಿಕೊಂಡಿದ್ದ ಕರವಸ್ತ್ರ ತೆಗೆದು ಕೇಳಿದಳು:

“ಅಪ್ಪಾ, ಇವತ್ತು ಯಾವ ಹಬ್ಬ?”

ಊರಿನ ಹೊಗೆ ಎಂದು ತಾನು ಹೇಳುತ್ತ ಬಂದದ್ದರಲ್ಲಿ ಮಗಳ ಮೂಗಿಗೆ ಎಲ್ಲಕ್ಕಿಂತ ಹತ್ತಿರವಿದ್ದದ್ದು ತನ್ನ ಆಟೊದ ಹೊಗೆಯೇ ಎಂದು ಅವನಿಗೆ ಆಗ ತಿಳಿಯಿತು. ಕಣ್ಣು ಒರೆಸಿಕೊಳ್ಳುತ್ತಲೇ ಗುಡ್ಡ ಇಳಿದ. ಮಗಳನ್ನು ಮಾವನ ಮನೆಯಲ್ಲಿ ಬಿಟ್ಟು, ಒಬ್ಬನೇ ಹಿಂದಿರುಗಿದ. ಮಾರನೆಯ ದಿನದಿಂದ ಓಣಿಯ ಉಳಿದ ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಶಾಲೆಯ ದಾರಿ ಹಿಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: “ಅಷ್ಟೆಲ್ಲ ತಿಳಿದ ಮೇಲೆ ಅವನು ದಿನವೂ ಒಳ್ಳೆಯದನ್ನೇ ಹಾಕಿಸಿರಬೇಕಲ್ಲ?”

“ಇಲ್ಲ ಮಗು, ಈಗ ಆಟೊದಲ್ಲಿ ಅವನ ಮಗಳು ಇರಲಿಲ್ಲವಲ್ಲ.”