ಹಪ್ಪಳದ ಮಾಳಿಗೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಪೇಟೆಯ ಓಣಿಯಲ್ಲಿ ಅಶ್ವತ್ಥದ ಸಸಿ ನೆಡಲು ಹೋಗಿದ್ದೆ. ಅಲ್ಲಿಯ ಹೆಂಗಸೊಬ್ಬಳು ಬೇಡವೆಂದು ಅಡ್ಡ ನಿಂತಳು. ನೆರಳು ಬೇಡವೆನ್ನುವವರೂ ಇರುತ್ತಾರೆಯೇ?"

ಗುರುಗಳು ಒಂದು ಕತೆ ಹೇಳಿದರು.

ಇನ್ನೊಂದು ಪೇಟೆಯಲ್ಲಿ ಹಪ್ಪಳ ಮಾಡಿ ಬದುಕುವ ವಿಧವೆಯೊಬ್ಬಳಿದ್ದಳು. ಮಕ್ಕಳಿಲ್ಲ, ನೆಂಟರಿಲ್ಲ. ಆದರೆ ಓಣಿಗೆಲ್ಲ ಒಳ್ಳೆಯ ಬಿಸಿಲು ಅವಳ ಮಾಳಿಗೆಯ ಮೇಲೆ ಬೀಳುತ್ತಿತ್ತು. ಬೇಸಿಗೆ ಬಂತೆಂದರೆ ನೆರೆಹೊರೆಯ ಹೆಂಗಸರು ತಮ್ಮ ಹಿಟ್ಟು, ಲಟ್ಟಣಿಗೆ ಹಿಡಿದು ಅಲ್ಲಿಗೇ ಬರುತ್ತಿದ್ದರು. ಹಪ್ಪಳ ಒತ್ತುತ್ತ, ಕಾಗೆ ಓಡಿಸುತ್ತ ಊರ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದರು. ವರ್ಷವಿಡೀ ಒಬ್ಬಳೇ ಇರುವವಳಿಗೆ ಆ ಬೇಸಿಗೆಯೇ ಸಂಸಾರ.

ಅದೇ ಓಣಿಯ ವರ್ತಕನೊಬ್ಬ ಪುಣ್ಯಕ್ಕೆಂದು ಅವಳ ಗೋಡೆಯ ಪಕ್ಕದಲ್ಲಿ ಅಶ್ವತ್ಥ ನೆಟ್ಟ. ಅದು ಆಳೆತ್ತರವಾದಾಗ ಜನ ಸೇರಿ ಕಟ್ಟೆ ಕಟ್ಟಿ, ಅದಕ್ಕೆ ಉಪನಯನ ಮಾಡಿ, ಬೇವಿನ ಜೊತೆ ಮದುವೆಯನ್ನೂ ಮಾಡಿದರು. ಮದುವೆಯೂಟಕ್ಕೆ ಸಂತೋಷದಿಂದ ಹಪ್ಪಳ ಕರಿದವಳು ಆ ವಿಧವೆಯೇ.

ಮರ ಬೆಳೆದು ಮಾಳಿಗೆಯನ್ನು ಮುಚ್ಚಿತು. ಹಪ್ಪಳ ಒಣಗದೆ ಬೂಷ್ಟು ಹಿಡಿಯಿತು. ಹೆಂಗಸರು ಬಿಸಿಲಿರುವ ಬೇರೆ ಮಾಳಿಗೆ ಹುಡುಕಿಕೊಂಡರು. ಕರೆಯದೆ ಇನ್ನೊಬ್ಬರ ಮನೆ ಹತ್ತುವುದು ಅವಳಿಗೆ ಬರಲಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅತ್ತ ಬೇರು ಗೋಡೆಯನ್ನು ಸೀಳತೊಡಗಿತು. ತನ್ನ ಕಡೆಯ ಕೊಂಬೆಗಳನ್ನಾದರೂ ಕಡಿಸಿಕೊಡಿ ಎಂದು ಅವಳು ವರ್ತಕನನ್ನು ಕೇಳಿದಳು.

"ಉಪನಯನವಾದ ಮರವಮ್ಮ. ಕೊಡಲಿ ಮುಟ್ಟಿಸಿದರೆ ಬ್ರಹ್ಮಹತ್ಯೆಯ ದೋಷ," ಎಂದ ವರ್ತಕ. "ದಿನಾ ಪ್ರದಕ್ಷಿಣೆ ಹಾಕಿ ಬೇಡಿಕೊಳ್ಳಿ, ಕೊಡುತ್ತದೆ."

ಬಡವರ ಕೋಪ ದವಡೆಗೆ ಮೂಲ ಎಂದುಕೊಂಡು ಅವಳು ವಾದಿಸಲಿಲ್ಲ. ಮರುದಿನದಿಂದ ಬೆಳಗಾಗೆದ್ದು ಮರವನ್ನು ಸುತ್ತಿದಳು. ಎಂಥ ಭಕ್ತಿ, ನೋಡಿ ಕಲಿಯಿರಿ ಎಂದು ಅತ್ತೆಯರು ಸೊಸೆಯರಿಗೆ ಬುದ್ಧಿ ಹೇಳಿದರು. ಏನು ಬೇಡಿಕೊಳ್ಳುತ್ತೀ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಅಷ್ಟು ಜನರ ನಡುವೆ ಅಂಥ ಒಂಟಿತನ ಯಾರಿಗೂ ಬೇಡ.

ಒಂದು ಮಳೆಗಾಲ ಗೋಡೆ ಕುಸಿಯಿತು. ಪಾತ್ರೆಪಡಗ ತಂದಿಟ್ಟುಕೊಂಡು ಅವಳು ಕಟ್ಟೆಯ ಮೇಲೆ ಕುಳಿತಿದ್ದಳು. ವರ್ತಕ ಬಂದು, ಸದ್ಯ ಮರವಾದರೂ ಆಸರೆಗಾಯಿತಲ್ಲ ಎಂದು ಸಮಾಧಾನ ಹೇಳಿದ.

"ಇದರ ಎಲೆಯೆಲ್ಲ ಉದುರಲಿ ಅಂತ ಸುತ್ತುತ್ತಿದ್ದೆ ಸ್ವಾಮಿ," ಎಂದಳು ಅವಳು. "ಒಂದು ಬೇಸಿಗೆ ಮಟ್ಟಿಗಾದರೂ ಸಾಕಿತ್ತು."

ಕತೆ ಮುಗಿಯಿತು. ಶಿಷ್ಯನಿಗೆ ಕಸಿವಿಸಿಯಾಯಿತು. "ಪಾಪ, ವರ್ತಕನೂ ಕೆಟ್ಟವನಲ್ಲ. ಮರ ಬೆಳೆದರೆ ಹೀಗಾಗುತ್ತದೆಂದು ಅವನಿಗೆ ತಿಳಿದಿರಲಿಲ್ಲ," ಎಂದ.

ಗುರುಗಳು ಹೇಳಿದರು: "ತಿಳಿಯದಿದ್ದರೆ ತನ್ನ ಮನೆಯ ಗೋಡೆಯ ಪಕ್ಕದಲ್ಲೇ ನೆಡುತ್ತಿದ್ದ."