ಅವ್ವನವರ ಕೈ ನಿಂತ ಶುಕ್ರವಾರ

ಮಲಪ್ರಭೆಯ ದಂಡೆಯ ಹೊಳೆಸಾಲಗುಂದಿಯಲ್ಲಿ ಮಾತೋಶ್ರೀ ಗುರುಬಾಳಮ್ಮನವರು ಇದ್ದ ಜಾಗವನ್ನು ಮಠವೆನ್ನಲು ಹೊಸಬರಿಗೆ ತುಸು ಅನುಮಾನವಾಗುತ್ತಿತ್ತು. ಮೂರು ಅಂಕಣದ ಮಣ್ಣಿನ ಮಾಳಿಗೆ ಮನೆ. ಒಳಗೆ ಅವರ ಗುರುಗಳ ಗದ್ದುಗೆ. ಹಿತ್ತಲಲ್ಲಿ ಒಂದು ನುಗ್ಗೆಮರ, ನಾಲ್ಕು ದಾಸವಾಳದ ಗಿಡ, ಲೋಳೆಸರದ ಒಂದು ಮಡಿ. ಇಡೀ ಮಠದಲ್ಲಿ ದೊಡ್ಡದೆನ್ನುವಂಥದ್ದು ಏನಾದರೂ ಇದ್ದರೆ ಅದು ಬಚ್ಚಲು. ನಾಲ್ಕು ಜನ ಒಟ್ಟಿಗೆ ಕೂರಬಹುದಾದ ಕಲ್ಲುಹಾಸು, ಮೂಲೆಯ ಒಲೆಯ ಮೇಲೆ ಎರಡು ತಾಮ್ರದ ಹಂಡೆ.

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಎಲ್ಲರೂ ಅವ್ವನವರೆಂದೇ ಕರೆಯುತ್ತಿದ್ದ ಗುರುಬಾಳಮ್ಮನವರು ನೆರಿಗೆ ಎತ್ತಿ ಸಿಕ್ಕಿಸಿ ಆ ಬಚ್ಚಲಿಗೆ ಇಳಿಯುತ್ತಿದ್ದರು. ಯಾವ ಹೆಣ್ಣುಮಗಳು ಬಂದರೂ ಜಾತಿ ಕೇಳುತ್ತಿರಲಿಲ್ಲ, ಹೆಸರನ್ನೂ ಕೇಳುತ್ತಿರಲಿಲ್ಲ. ದಾಸವಾಳದ ಎಲೆ, ಕರಿಬೇವು, ಮೆಂತ್ಯ ಹಾಕಿ ಕಾಯಿಸಿದ ಕುಸುಬೆ ಎಣ್ಣೆಯನ್ನು ನೆತ್ತಿಗೆ ತಟ್ಟಿ, ಮೈಗೆಲ್ಲ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಸೀಗೆಕಾಯಿಯಿಂದ ತಲೆ ತೊಳೆದು ಎರೆಯುತ್ತಿದ್ದರು. ಕೈ ತನ್ನ ಕೆಲಸ ಮಾಡುತ್ತಿರುವಾಗ ಬಾಯಿ ನಾಲ್ಕೇ ಪ್ರಶ್ನೆ ಕೇಳುತ್ತಿತ್ತು. ನಿನ್ನೆ ಏನು ಉಂಡೆ, ನಿದ್ದೆ ಹತ್ತುತ್ತದೆಯೇ, ಮುಟ್ಟು ಸರಿಯಾಗಿ ಬರುತ್ತದೆಯೇ, ನಡ ನೋಯುತ್ತದೆಯೇ. ಉಗುರು ಬಿಳಿಚಿದವರನ್ನು ಆರೋಗ್ಯ ಉಪಕೇಂದ್ರದ ನರ್ಸಮ್ಮನ ಕಡೆ ಕಳಿಸುತ್ತಿದ್ದರು, ಜೊತೆಗೆ ನುಗ್ಗೆಸೊಪ್ಪಿನ ಒಂದು ಕಟ್ಟು. ಬಾಣಂತಿಯಾದಾಗ ಎರೆದುಕೊಂಡದ್ದೇ ಕೊನೆ, ಆಮೇಲೆ ನನ್ನ ತಲೆಯನ್ನು ಮತ್ತೊಬ್ಬರು ಮುಟ್ಟಿದ್ದೇ ಇಲ್ಲ ಎಂದು ಆ ಕಲ್ಲಿನ ಮೇಲೆ ಕೂತು ಅತ್ತವರೆಷ್ಟೋ.

ಅವ್ವನವರಿಗೆ ಒಂದು ವ್ರತವಿತ್ತು. ಗುರುಗಳು ಲಿಂಗೈಕ್ಯರಾದ ದಿನ, ಈ ಮಠದ ಹೊಸ್ತಿಲು ದಾಟಿ ಹೊರಗೆ ಹೋಗುವುದಿಲ್ಲ ಎಂದು ಅವರು ಗದ್ದುಗೆಯ ಮುಂದೆ ಮಾತು ಕೊಟ್ಟಿದ್ದರು. ಅದಾಗಿ ಮೂವತ್ತೊಂದು ವರ್ಷ. ಒಡಹುಟ್ಟಿದ ಅಣ್ಣ ತೀರಿಕೊಂಡ ಸುದ್ದಿ ಬಂದಾಗಲೂ ಅವರು ಒಳಗೇ ಕೂತು ಕಣ್ಣೊರೆಸಿಕೊಂಡಿದ್ದರು.

ಅಲ್ಲಿಂದ ಎಂಟು ಮೈಲಿ ದೂರದ ತಾಲ್ಲೂಕು ಊರಿನಲ್ಲಿ ಜಯಶೀಲಾ ಎಂಬ ಹೆಣ್ಣುಮಗಳು ಹದಿನಾರು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಗಂಡ ಮಹಾರುದ್ರ ಬಸ್ ಕಂಡಕ್ಟರ್. ಸುತ್ತಲ ಹಳ್ಳಿಗಳ ಮದುಮಕ್ಕಳೆಲ್ಲ ಅವಳ ಕುರ್ಚಿಯ ಮೇಲೆ ಕೂತೇ ಹಸೆಮಣೆಗೆ ಹೋದವರು. ಕೆಲಸದಲ್ಲಿ ಬಲು ಅಚ್ಚುಕಟ್ಟು. ಆದರೆ ಈಚೆಗೆ ಬರುವವರ ಬಾಯಲ್ಲೆಲ್ಲ ಅವ್ವನವರ ಮಾತು. ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ, ಶಾಲೆಯಲ್ಲಿ ಕಲಿಸುವ ಬಾಯಾರು, "ಅವ್ವಾರ ಕಡೆ ಎರಕೊಂಡ ಬಂದೆ, ಮೈ ಹೂವಿನಂಗ ಹಗೂರ ಆತು ನೋಡ್ರಿ," ಎಂದರು. ಮದುಮಗಳೊಬ್ಬಳು ಬ್ಲೀಚ್ ಬೇಡವೆಂದು ಎದ್ದೇ ಹೋದಳು.

"ಸನ್ಯಾಸಿಗೆ ಚಂದದ ಉಸಾಬರಿ ಯಾಕ ಬೇಕು? ನಾನ ಹೋಗಿ ಕೇಳ್ತೀನಿ," ಎಂದು ಜಯಶೀಲಾ ಒಂದು ಶುಕ್ರವಾರ ಬಸ್ಸು ಹತ್ತಿದಳು.

ಬಚ್ಚಲ ಬಾಗಿಲಲ್ಲಿ ನಿಂತು ಅವಳು ನೇರವಾಗಿಯೇ ಹೇಳಿದಳು. "ನಾ ಪಾರ್ಲರ್ ನಡಸೂವಾಕಿ, ಎರಕೊಳ್ಳಾಕ ಬಂದಿಲ್ರಿ. ಈ ಹಿಟ್ಟು, ಎಣ್ಣಿಯಿಂದ ಏನ ಆಗತೈತಿ ಅಂತ ನೋಡಾಕ ಬಂದೀನಿ."

"ಕುಂತ ನೋಡು ತಂಗಿ," ಎಂದರು ಅವ್ವನವರು.

ಅವಳು ಮೆಟ್ಟಿಲ ಮೇಲೆ ಕೂತಳು. ಹೊಲದ ಕೆಲಸದ ಮುದುಕಿಯೊಬ್ಬಳ ಬಿರುಕು ಬಿಟ್ಟ ಹಿಮ್ಮಡಿಯನ್ನು ಅವ್ವನವರು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದರು. ಮುದುಕಿ ನಾಚಿ ಕಾಲು ಎಳೆದುಕೊಂಡರೆ ಇವರು ಮತ್ತೆ ಎಳೆದು ಇಟ್ಟುಕೊಳ್ಳುವರು. ಜಯಶೀಲಾ ತಪ್ಪು ಹುಡುಕಲೆಂದೇ ನೋಡಿದಳು. ಹುಬ್ಬಳ್ಳಿಯಲ್ಲಿ ಒಂಬತ್ತು ತಿಂಗಳು ಈ ಕಸುಬು ಕಲಿತವಳು ಅವಳು. ಆದರೆ ಕತ್ತಿನ ಹೆಡಕಿನಿಂದ ಬೆನ್ನಿಗೆ ಇಳಿಯುವ ಆ ಬೆರಳುಗಳು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದನ್ನು ತನಗಿಂತ ಚೆನ್ನಾಗಿ ಬಲ್ಲವು ಎಂದು ಅವಳಿಗೆ ಒಳಗೊಳಗೇ ತಿಳಿಯಿತು. ಅದು ಇನ್ನಷ್ಟು ಸಿಟ್ಟು ತರಿಸಿತು.

ಎಲ್ಲರೂ ಹೋದ ಮೇಲೆ ಅವ್ವನವರು ಹಂಡೆಯೊಳಗೆ ಇಣುಕಿ, "ನೀರು ಉಳದಾವ," ಎಂದರು. ಆಮೇಲೆ ಅವಳ ಕಡೆ ತಿರುಗಿದರು. "ಎಷ್ಟ ಮಂದಿ ಮಾರಿ ತಿಕ್ಕೀದಿ ನೀ. ನಿನ್ನ ಮೈ ಯಾರು ಮುಟ್ಯಾರವ್ವಾ?"

ಬೇಡವೆನ್ನಬೇಕು ಎಂದುಕೊಳ್ಳುತ್ತಲೇ ಜಯಶೀಲಾ ಸೀರೆ ಬಿಚ್ಚಿಟ್ಟು, ಒಳಲಂಗವನ್ನು ಎದೆಯ ಮೇಲಕ್ಕೆ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಳು. ನೆತ್ತಿಗೆ ಬೆಚ್ಚನೆಯ ಎಣ್ಣೆ ಬಿದ್ದಾಗ ಕಣ್ಣು ತಾವಾಗಿಯೇ ಮುಚ್ಚಿದವು. ಹೆಗಲು, ತೋಳು, ಬೆನ್ನು. ಅವ್ವನವರ ಕೈ ಎಡಗಂಕುಳ ಕೆಳಗೆ, ಎದೆಯ ಬದಿಗೆ ಬಂದಿತು.

ಅಲ್ಲಿ ನಿಂತಿತು.

ಜಯಶೀಲಾ ಕಣ್ಣು ತೆರೆಯಲಿಲ್ಲ. ಆ ಕೈ ಯಾಕೆ ನಿಂತಿತು ಎಂದು ಅವಳಿಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಗೊತ್ತಿತ್ತು. ಮೊದಲು ಬಟಾಣಿಯಷ್ಟಿದ್ದ ಗಂಟು ಈಗ ಅಡಿಕೆಯಷ್ಟಾಗಿತ್ತು. ನೋವಿಲ್ಲ, ಹಾಗಾಗಿ ಏನೂ ಇರಲಿಕ್ಕಿಲ್ಲ ಎಂದು ದಿನವೂ ತನಗೆ ತಾನೇ ಹೇಳಿಕೊಂಡಿದ್ದಳು. ಗಂಡನಿಗೂ ತಿಳಿಸಿರಲಿಲ್ಲ.

"ಯಾವಾಗಿಂದ?" ಎಂದರು ಅವ್ವನವರು.

"ಸಂಕ್ರಮಣದಿಂದ್ರಿ."

ಅವ್ವನವರು ಮತ್ತೇನೂ ಕೇಳದೆ ಎರೆಯುವುದನ್ನು ಮುಗಿಸಿದರು, ತಲೆ ಒರೆಸಿದರು, ಕೂದಲ ತುದಿಗೆ ಗಂಟು ಹಾಕಿದರು. ಆಮೇಲೆ ಹೇಳಿದರು. "ನಾಳೆ ದವಾಖಾನಿಗೆ ಹೋಗು."

ಅವಳು ಹೋಗಲಿಲ್ಲ. ನಾಳೆ ಎಂದದ್ದು ನಾಡಿದ್ದಾಯಿತು, ವಾರವಾಯಿತು, ಎರಡು ವಾರವಾಯಿತು. ಮೂರನೆಯ ಶುಕ್ರವಾರ ಜಯಶೀಲಾ ಹಣ್ಣು ಹೂವು ಹಿಡಿದುಕೊಂಡು ಮಠಕ್ಕೆ ಬಂದಳು. ಅಂದು ಗೇಲಿ ಮಾಡಲು ಬಂದಿದ್ದವಳು ಈಗ ಅವ್ವನವರ ಪಾದದ ಮೇಲೆ ತಲೆಯಿಟ್ಟು ಅತ್ತಳು.

"ಅವ್ವಾರ, ನನಗ ಈಗ ನಂಬಿಕಿ ಬಂದೈತ್ರಿ. ನಿಮ್ಮ ಎಣ್ಣಿ ಹಚ್ಚರಿ, ಲೇಪ ಹಾಕರಿ. ವಾರಕ್ಕೆರಡು ಸಲ ಬರ್ತೀನಿ. ನಿಮ್ಮ ಕೈಯಾಗ ಶಕ್ತಿ ಐತಿ ಅಂತ ಮಂದಿಯೆಲ್ಲಾ ಹೇಳ್ತಾರ."

"ಈ ಎಣ್ಣಿ ಕೂದಲಿಗಿ ಆಗತೈತಿ, ಕೀಲಿಗಿ ಆಗತೈತಿ. ಇದಕ್ಕ ಆಗೂದಿಲ್ಲ," ಎಂದರು ಅವ್ವನವರು. "ಅಂಜಿಕಿಗೆ ನಂಬಿಕಿ ಅಂತ ಹೆಸರ ಇಡಬ್ಯಾಡ ಮಗಳ."

ಆ ಮಾತು ನಾಟಿತು. ಜಯಶೀಲಾ ತಲೆ ಎತ್ತಿದಳು. ಅಳು ಸಿಟ್ಟಿಗೆ ತಿರುಗಿತು.

"ಅಲ್ಲಿ ಕೊಯ್ದು ಹಾಕ್ತಾರ್ರಿ! ನನ್ನ ಕಸಬ ಚಂದ ಮಾಡೂದು. ನಾಳೆ ನಾ ಅರ್ಧಾ ಮೈ ಇಟಗೊಂಡು ಕನ್ನಡಿ ಮುಂದ ಹೆಂಗ ನಿಲ್ಲಲಿ? ಮಂದಿ ಮುಂದ ಹೆಂಗ ನಿಲ್ಲಲಿ? ನೀವು ಇಲ್ಲಿ ಕುಂತು ಹೋಗು ಹೋಗು ಅಂತೀರಿ. ಹೊಸ್ತಿಲ ದಾಟಲಾರದವರಿಗೆ ನನ್ನ ಸಂಕಟ ಏನ ತಿಳೀತೈತಿ?"

ಅಲ್ಲಿ ಕೂತಿದ್ದ ಹೆಣ್ಣುಮಕ್ಕಳು ಬೆಚ್ಚಿಬಿದ್ದರು. ಅವ್ವನವರ ಎದುರು ಆ ತನಕ ಯಾರೂ ಹಾಗೆ ಮಾತಾಡಿರಲಿಲ್ಲ. ಒಬ್ಬಾಕೆ ಜಯಶೀಲಾಳ ರಟ್ಟೆ ಹಿಡಿದು ಹೊರಗೆ ಎಳೆಯಲು ಬಂದಳು. ಅವ್ವನವರು ಬೇಡವೆಂದು ಕೈಮಾಡಿದರು. ಆಮೇಲೆ ಎದ್ದು ಕೈ ತೊಳೆದುಕೊಂಡು ಗದ್ದುಗೆಯ ಮುಂದೆ ಹೋಗಿ ನಿಂತರು.

"ಗುರುವೇ, ನಿನಗ ಕೊಟ್ಟ ಮಾತು ನಿನ್ನ ಹತ್ರಾನ ಇರಲಿ. ಬಂದು ತಗೋತೀನಿ," ಎಂದರು.

ಗೂಟದ ಮೇಲಿದ್ದ ಕಾವಿಯ ಶಾಲನ್ನು ಹೊದ್ದುಕೊಂಡು ಅವರು ಹೊಸ್ತಿಲು ದಾಟಿದರು. ಅಂಗಳದಲ್ಲಿ ನಿಂತು ಅವರು ಹಿಂತಿರುಗಿ ನೋಡಿದರು. "ಬಾ ತಂಗಿ. ಬಸ್ ಎಲ್ಲಿ ನಿಲ್ಲತೈತಿ, ನನಗ ಗೊತ್ತಿಲ್ಲ."

ಜಯಶೀಲಾ ಮುಂದಿನ ದಿನಗಳಲ್ಲಿ ಹೇಳುತ್ತಿದ್ದ ಪ್ರಕಾರ, ಆ ದಾರಿಯುದ್ದಕ್ಕೂ ಅವಳಿಗೆ ತನ್ನ ಗಂಟಿನ ನೆನಪೇ ಬರಲಿಲ್ಲ. ಡಾಂಬರಿನ ಬಿಸಿಗೆ ಅವ್ವನವರ ಬರಿಗಾಲು ಸುಡುತ್ತಿದೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಬಸ್ಸಿನಲ್ಲಿ ಅವ್ವನವರು ಕಿಟಕಿಯ ಸರಳು ಹಿಡಿದು, ಮೂವತ್ತೊಂದು ವರ್ಷದಿಂದ ಕಾಣದ ಹೊಲಗಳನ್ನು ನೋಡುತ್ತ ಕೂತಿದ್ದರು. ದಾರಿಯಲ್ಲಿ ಒಂದೇ ಮಾತು ಆಡಿದರು. "ಗಂಡಗ ಹೇಳು." ಅವಳು ಫೋನ್ ತೆಗೆದು ಮಹಾರುದ್ರನಿಗೆ ಎಲ್ಲವನ್ನೂ ಹೇಳಿದಳು. ಅವರು ಜಿಲ್ಲಾ ಊರಿನ ದವಾಖಾನೆ ಮುಟ್ಟುವ ಹೊತ್ತಿಗೆ ಅವನು ಖಾಕಿ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದ. ಬಯ್ಯಲಿಲ್ಲ. "ನನಗ ಯಾಕ ಹೇಳಲಿಲ್ಲ?" ಎಂದಷ್ಟೇ ಕೇಳಿ ಅವಳ ಕೈಯಿಂದ ಚೀಲ ತೆಗೆದುಕೊಂಡ.

ಚೀಟಿಗೆ ಸಾಲು, ಡಾಕ್ಟರರ ಬಾಗಿಲಿಗೆ ಸಾಲು. ಅವ್ವನವರು ಎಲ್ಲರಂತೆ ಸಾಲಿನಲ್ಲೇ ನಿಂತರು. ಗುರುತು ಹಿಡಿದವರೊಬ್ಬರು ಮುಂದೆ ಬನ್ನಿರೆಂದು ಕರೆದಾಗ, ಮುಂದಿದ್ದ ಬಸುರಿಯನ್ನು ತೋರಿಸಿ ಅವಳನ್ನು ಕಳಿಸಿದರು. ಪರೀಕ್ಷೆ ಮಾಡಿದವರು ಹೆಣ್ಣು ಡಾಕ್ಟರು. ಅಂದೇ ಎದೆಯ ಫೋಟೋ ತೆಗೆಸಿದರು, ಸೂಜಿ ಚುಚ್ಚಿ ಗಂಟಿನ ತುಣುಕು ತೆಗೆದರು. ಹತ್ತು ದಿನಕ್ಕೆ ಉತ್ತರ ಬಂತು. ಜಯಶೀಲಾ ಅಂಜಿದ್ದ ರೋಗವೇ ಅದು.

"ಕಂಕುಳಿಗಿ ಇನ್ನೂ ಹಬ್ಬಿಲ್ಲ. ಗುಣ ಮಾಡೋ ಹೊತ್ತಿನಾಗ ಬಂದೀರಿ. ಇನ್ನೊಂದು ವರ್ಷ ಮುಚ್ಚಿಟ್ಟಿದ್ರ ನನ್ನ ಕೈಯಾಗ ಏನೂ ಇರತಿರಲಿಲ್ಲ," ಎಂದರು ಡಾಕ್ಟರು.

ಉತ್ತರ ಬರುವ ತನಕವೂ, ಶಸ್ತ್ರಕ್ರಿಯೆಯ ದಿನವೂ, ಅದರ ಮುಂದಿನ ದಿನಗಳಲ್ಲೂ ಅವ್ವನವರು ಆ ದವಾಖಾನೆಯ ಹೊರಜಗಲಿಯಲ್ಲೇ ಇದ್ದರು. ಲಿಂಗಪೂಜೆಯನ್ನೂ ಅಲ್ಲೇ ಒಂದು ಮೂಲೆಯಲ್ಲಿ ಮಾಡಿಕೊಂಡರು. ಎಚ್ಚರವಾದಾಗ ಜಯಶೀಲಾಳಿಗೆ ಮೊದಲು ಕಂಡದ್ದು ತನ್ನ ಪಾದ ಒತ್ತುತ್ತಿದ್ದ ಆ ಕೈಗಳು. ಅವಳ ಕೈ ಎದೆಯ ಪಟ್ಟಿಯ ಕಡೆಗೆ ಹೋಗಿ ಮಧ್ಯದಲ್ಲೇ ನಿಂತಿತು. ಅವ್ವನವರು ಆ ಕೈ ಹಿಡಿದು, ಮೆಲ್ಲಗೆ ಪಟ್ಟಿಯ ಮೇಲೆ ತಾವೇ ಇಟ್ಟರು.

"ಇದೂ ನಿನ್ನ ಮೈನ. ಮುಟ್ಟು," ಎಂದರು.

ಹೊಸ್ತಿಲು ದಾಟಿದ ಹತ್ತೊಂಬತ್ತನೆಯ ದಿನ ಅವ್ವನವರು ಮಠಕ್ಕೆ ಮರಳಿದರು. ಊರಿನ ಹಿರಿಯರು ಅಂಗಳದಲ್ಲಿ ಕೂಡಿದ್ದರು. ಅವರಲ್ಲೊಬ್ಬರಾದ ಚನಮಲ್ಲಯ್ಯನವರು ನೊಂದುಕೊಂಡು, "ಮೂವತ್ತೊಂದು ವರ್ಷದ ವ್ರತ ಹೋತಲ್ರೀ ಅವ್ವಾ," ಎಂದರು.

"ಹೋಗಲಿ ಅಜ್ಜಾರ," ಎಂದರು ಅವ್ವನವರು. ಕಾಲು ತೊಳೆದುಕೊಂಡು ಒಳಗೆ ಹೋಗಿ, ಗದ್ದುಗೆಗೆ ಹಣೆ ಹಚ್ಚಿ ಎದ್ದರು. "ಇವತ್ತಿಗಿ ಒಂದನೇ ದಿನ."

ಜಯಶೀಲಾಳ ಮುಂದಿನ ತಿಂಗಳುಗಳು ಹಗುರವಾಗಿರಲಿಲ್ಲ. ಔಷಧದ ಸೂಜಿಗೆ ವಾಕರಿಕೆ, ಬಾಯಿಹುಣ್ಣು, ನಿತ್ರಾಣ. ಬಾಚಣಿಗೆಯ ತುಂಬ ಕೂದಲು ಬಂತು, ಕಡೆಗೆ ಬಾಚಲು ಏನೂ ಉಳಿಯಲಿಲ್ಲ. ಪಾರ್ಲರಿನ ಕನ್ನಡಿಗಳಿಗೆ ಅವಳು ಬಟ್ಟೆ ಹೊದಿಸಿ ಬೀಗ ಹಾಕಿದಳು. ಸೂಜಿಯ ಸುಸ್ತು ಇಳಿದ ವಾರಗಳಲ್ಲಿ ಮಹಾರುದ್ರ ಅವಳನ್ನು ಮಠಕ್ಕೆ ಕರೆತರುತ್ತಿದ್ದ. ಡಾಕ್ಟರು ಆಗಬಹುದೆಂದ ಮೇಲೆ ಅವ್ವನವರು ಆ ಬೋಳುತಲೆಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ, ಉಗುರುಬೆಚ್ಚನೆಯ ನೀರು ಹಾಕುತ್ತಿದ್ದರು. ಬೇಳೆಕಟ್ಟು, ಸೊಪ್ಪು ಕಲಸಿದ ಅನ್ನವನ್ನು ಎದುರು ಕೂತು ಉಣ್ಣಿಸುತ್ತಿದ್ದರು. ಧೈರ್ಯದ ಮಾತು ಒಂದನ್ನೂ ಆಡಲಿಲ್ಲ. ಒಂದು ಬೆಳಿಗ್ಗೆ ಆ ತಲೆಯ ಮೇಲೆ ಕೈಯಾಡಿಸುತ್ತ, "ಬಂದಾವ ನೋಡು," ಎಂದರು. ಜಯಶೀಲಾ ಮುಟ್ಟಿ ನೋಡಿಕೊಂಡಳು. ಹೊಸ ಕೂದಲು ಜೋಳದ ಮೊಳಕೆಯಂತೆ ಬೆರಳಿಗೆ ತಾಕಿತು. ಆ ವಾರವೇ ಅವಳು ಕನ್ನಡಿಗಳ ಬಟ್ಟೆ ತೆಗೆದಳು.

ಪಾರ್ಲರು ಮತ್ತೆ ತೆರೆಯಿತು, ಆದರೆ ಶುಕ್ರವಾರ ಮಾತ್ರ ಬಾಗಿಲು ಹಾಕಿರುತ್ತಿತ್ತು. ಅಂದು ಜಯಶೀಲಾ ಅವ್ವನವರ ಬಚ್ಚಲಲ್ಲಿ ಸೀಗೆಕಾಯಿ ಕಲಸಲು ಕೂರುತ್ತಿದ್ದಳು. ಕುರ್ಚಿಯ ಮೇಲೆ ಕೂತ ಪ್ರತಿಯೊಬ್ಬಳಿಗೂ ಹುಬ್ಬು ತೀಡುತ್ತ ತೀಡುತ್ತಲೇ, ತಿಂಗಳಿಗೊಮ್ಮೆ ಎರೆದುಕೊಳ್ಳುವಾಗ ಎದೆ ಮುಟ್ಟಿ ನೋಡಿಕೊ ಎಂದು ಹೇಳದೆ ಬಿಡುತ್ತಿರಲಿಲ್ಲ. ಮೊದಮೊದಲು ಅವರು ನಾಚಿ ನಗುತ್ತಿದ್ದರು. ಬರಬರುತ್ತ ತಾವೇ ಕೇಳತೊಡಗಿದರು.

ಮರುವರ್ಷದ ಶ್ರಾವಣದಲ್ಲಿ ಕಮಲವ್ವ ಎಂಬ ಸಣ್ಣ ವಯಸ್ಸಿನ ಹೆಂಗಸೊಬ್ಬಳು ಎರೆದುಕೊಳ್ಳಲು ಬಂದಳು. ಎಣ್ಣೆ ಹಚ್ಚುತ್ತಿದ್ದ ಅವ್ವನವರ ಕೈ ಅವಳ ಬಲಗಡೆಯಲ್ಲಿ ನಿಂತಿತು. ಕಮಲವ್ವ ಥಟ್ಟನೆ ಬಿಚ್ಚಿಟ್ಟ ಸೀರೆ ಎಳೆದು ಸುತ್ತಿಕೊಂಡು ಗೋಡೆಗೆ ಸರಿದಳು.

"ಏನಿಲ್ರಿ ಅದು. ನಾ ದವಾಖಾನಿಗೆ ಹೋಗೂದಿಲ್ಲ. ಸಾಯ್ತೀನಿ, ಆದ್ರ ಹೋಗೂದಿಲ್ಲ."

ಅವ್ವನವರು ಜಯಶೀಲಾಳ ಕಡೆಗೆ ನೋಡಲಿಲ್ಲ. ಜಯಶೀಲಾ ಸೀಗೆಕಾಯಿಯ ಕೈ ತೊಳೆದುಕೊಂಡು ಎದ್ದು ಬಂದು ಅವಳೆದುರು ಕುಕ್ಕರುಗಾಲಲ್ಲಿ ಕೂತಳು. ಕುಪ್ಪಸದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಗಂಡ, ಡಾಕ್ಟರು, ಅವ್ವನವರ ಹೊರತು ಯಾರಿಗೂ ತೋರಿಸದಿದ್ದ ಆ ಉದ್ದನೆಯ ಹೊಲಿಗೆಯ ಗೆರೆಯನ್ನು ಬೆಳಕಿಗೆ ತಿರುಗಿ ತೋರಿಸಿದಳು.

"ನೋಡು ತಂಗಿ. ನಂದು ಆ ರೋಗ ಆಗಿತ್ತು. ನಿಂದೂ ಅದ ಇರಬೇಕಂತಿಲ್ಲ. ತೋರಿಸಿದ್ರ ತಿಳೀತೈತಿ."

ಕಮಲವ್ವ ಬಹಳ ಹೊತ್ತು ನೋಡಿದಳು. ಮೆಲ್ಲಗೆ ಕೇಳಿದಳು. "ನೋಯ್ತೈತೇನ್ರಿ ಅಕ್ಕಾರ?"

"ಥಂಡಿ ದಿವಸದಾಗ ಒಂದೀಟ ಜಗ್ಗತೈತಿ," ಎಂದಳು ಜಯಶೀಲಾ, ಗುಂಡಿ ಹಾಕಿಕೊಳ್ಳುತ್ತ. "ಏಳು, ಮೈ ಒರಸಿಕೋ. ಹತ್ತು ಗಂಟೇದ ಬಸ್ಸಿಗಿ ಹೋಗೂಣು. ನಾ ಬರ್ತೀನಿ ಜೋಡಿ."

ಅವ್ವನವರು ಬಿಸಿನೀರಿನ ತಂಬಿಗೆಯನ್ನು ಎತ್ತಿ ಕಮಲವ್ವನ ಹೆಗಲ ಮೇಲೆ ಉಳಿದಿದ್ದ ಎಣ್ಣೆಯನ್ನು ತೊಳೆದರು. ಒಣಬಟ್ಟೆಯನ್ನು ಜಯಶೀಲಾಳ ಕೈಗೆ ಕೊಟ್ಟು, ಬಾಗಿಲಲ್ಲಿ ಕಾಯುತ್ತಿದ್ದ ಮುಂದಿನವಳನ್ನು ಕರೆದರು.