ಹೆಬ್ಬಾತು ಇಳಿದ ಕೆರೆ

ಚಳಿಗಾಲಕ್ಕೆ ಹಿಮಾಲಯ ದಾಟಿ ಬಂದ ಹೆಬ್ಬಾತೊಂದು ಗದಗ ಸೀಮೆಯ ಕೆರೆಗೆ ಇಳಿಯಿತು. ಅಲ್ಲಿ ಕೆಸರೆಬ್ಬಿಸಿ ಹೊರಳಾಡುತ್ತಿದ್ದ ಎಮ್ಮೆ ಕೇಳಿತು: "ಅಕ್ಕಾ, ಈ ದೇಶವನ್ನೆಲ್ಲ ಮೇಲಿಂದ ನೋಡಿದವಳು ನೀನು. ಏನೇನು ಕಂಡೆ ಹೇಳು. ನನಗೋ ಈ ಹೊಂಡವೇ ಗತಿ."

"ಬೆಳಗಿನ ಬಿಸಿಲಿಗೆ ಹೊನ್ನಾಗುವ ಹಿಮದ ಶಿಖರಗಳನ್ನು ಕಂಡೆ. ಆಚೆ ದಡ ಕಾಣದಷ್ಟು ಅಗಲದ ಗಂಗೆಯನ್ನು ಕಂಡೆ. ಅವಳ ಪಕ್ಕದ ಸಾಸಿವೆ ಹೊಲಗಳನ್ನು ನೋಡುತ್ತ ರೆಕ್ಕೆ ಬಡಿಯುವುದನ್ನೇ ಮರೆತಿದ್ದೆ."

"ಅಂಥ ಕಡೆ ಉಳಿಯದೆ ಇಷ್ಟು ದೂರ ಯಾಕೆ ಬಂದೆ?"

"ಇಲ್ಲಿಗೆಂದೇ ಹೊರಟಿದ್ದೆನಲ್ಲ! ನಮ್ಮ ಮರಿಗಳಿಗೆ ರೆಕ್ಕೆ ಬಲಿಯುವ ಮೊದಲೇ ನಾವು ಈ ಕೆರೆಯ ಕಥೆ ಹೇಳುತ್ತೇವೆ."

ಎಮ್ಮೆ ತಲೆ ಎತ್ತಿ ಕೆರೆಯನ್ನು ಸುತ್ತಲೂ ನೋಡಿತು. ಮರುದಿನ ಅದು ನೀರು ಕದಡದಂತೆ ಮೆಲ್ಲಗೆ ಹೆಜ್ಜೆಯಿಟ್ಟು ಇಳಿಯಿತು.